ಎಡ ಹೆಗಲಿಗೆ ಬಂದ ಟವೆಲ್

ಕೆ.ಬಿ. ಬಡಾವಣೆ, ದಾವಣಗೆರೆ
೪ ಆಗಸ್ಟ್ ೨೦೨೪

ಮಸ್ತಾನಸಾಬ್ ಮಾಮನವರಿಗೆ ಅಂಕಿತಾ ಮಾಡುವ ನಮಸ್ಕಾರಗಳು.

ನಾನು ತೋಟಪ್ಪನವರ ಮಗಳು. ನೀವು ಕೊನೆಯ ಸಲ ನೋಡಿದಾಗ ಕಾಲೇಜಿನಲ್ಲಿದ್ದೆ, ಈಗ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಳೆದ ವಾರ ಫೋನ್ ಮಾಡಿದ್ದೆ. ನಿಮ್ಮ ಮಗಳು ಅಂಜುಮ್ ಎತ್ತಿಕೊಂಡು, "ಅಬ್ಬಾಗೆ ಕಿವಿ ಕೇಳ್ಸಲ್ಲ ಅಕ್ಕ, ಕಾಗದ ಹಾಕ್ರಿ, ಓದ್ತಾರೆ" ಅಂದರು. ಹಾಗಾದರೆ ನಾನೇ ಹರಿಹರಕ್ಕೆ ಬರುತ್ತೇನೆ ಅಂದೆ. ಒಳಗೆ ಹೋಗಿ ಬಂದು, ಬರುವುದು ಬೇಡವಂತೆ ಅಂದರು. ಹದಿನಾಲ್ಕು ಕಿಲೋಮೀಟರಿಗೆ ಅಂಚೆಯವರನ್ನು ಓಡಿಸುತ್ತಿದ್ದೇವೆ. ಇರಲಿ, ನೀವು ಮೊದಲಿಂದಲೂ ಒಂದು ಥರ ಅಂತ ಅಪ್ಪನೇ ಹೇಳುತ್ತಿದ್ದರು.

ವಿಷಯಕ್ಕೆ ಬರುತ್ತೇನೆ. ಬರುವ ಜನವರಿಗೆ ಅಪ್ಪ ಹೋಗಿ ಐದು ವರ್ಷ. ಇಪ್ಪತ್ತೆರಡು ವರ್ಷ ಅವರು ಕಂಪನಿ ನಾಟಕದಲ್ಲಿ ಹಾಡಿದ್ದೆಲ್ಲ ನೀವು ರಾಗ ಹಾಕಿದ ಹಾಡುಗಳನ್ನೇ. ಅವನ್ನು ಪುಸ್ತಕ ಮಾಡಬೇಕು ಅಂತಿದ್ದೇನೆ. ಮಾತು ನಾಟಕದ ಹಸ್ತಪ್ರತಿಯಲ್ಲಿ ಸಿಗುತ್ತದೆ, ರಾಗ ಎಲ್ಲಿಯೂ ಇಲ್ಲ. ನಮ್ಮ ಮನೆಯಲ್ಲಿ ನಲವತ್ತು ಹ್ಯಾಂಡ್‌ಬಿಲ್ ಇವೆ. ಮಾಲೀಕರ ಹೆಸರು, ನಟರ ಹೆಸರು, ಲೈಟಿನವನ ಹೆಸರು ಎಲ್ಲ ಇದೆ. ನಿಮ್ಮದು ಒಂದರಲ್ಲೂ ಇಲ್ಲ. ನನಗೆ ಓದಿ ಸಿಟ್ಟು ಬಂತು.

ಪುಸ್ತಕದ ಮುಖಪುಟದಲ್ಲಿ "ರಾಗ ಸಂಯೋಜನೆ: ಮಸ್ತಾನಸಾಬ್" ಅಂತ ಹಾಕಿಸುತ್ತೇನೆ. ನೀವು ಸ್ವರ ಬರೆದು ಕಳಿಸಬೇಕು. ಅಮ್ಮ ನಿಮ್ಮನ್ನು ಕೇಳಿದಳೆಂದು ಬರೆ ಅಂದಳು.

ನಿಮ್ಮ
ಅಂಕಿತಾ


ಹರಿಹರ
೧೯ ಆಗಸ್ಟ್ ೨೦೨೪

ಚಿ. ಅಂಕಿತಾಗೆ ಮಸ್ತಾನಸಾಬ್ ಮಾಡುವ ಆಶೀರ್ವಾದ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮುಖಪುಟದ ಸಾಲನ್ನು ಇನ್ನೂ ನಾಲ್ಕು ಸಲ ಓದಿದೆ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮದುವೆ ಗೊತ್ತಾದ ಹಾಗೆ ಆಗಿದೆ, ಅಂಜುಮ್ ನಗುತ್ತಾಳೆ.

ಕುಕ್ಕುವಾಡದಿಂದ ಕಂಪನಿ ಸೇರಿದಾಗ ನನಗೆ ಹನ್ನೊಂದು. ಆಗಿನ ಮಾಸ್ತರರ ಪೇಟಿ ಹೊರುವುದೇ ಕೆಲಸ. ಹಾರ್ಮೋನಿಯಂ ಅನ್ನುವುದನ್ನು ನಮ್ಮಲ್ಲಿ ಯಾರೂ ಹಾಗೆ ಕರೆಯಲಿಲ್ಲ, ಪೇಟಿ ಅಷ್ಟೇ. ಹೊತ್ತವನು ಒಂದು ದಿನ ನುಡಿಸಿದೆ, ನುಡಿಸಿದವನು ಒಂದು ದಿನ ರಾಗ ಹಾಕಿದೆ. ಐದಾರು ಕಂಪನಿ, ಮುನ್ನೂರಕ್ಕೆ ಮೇಲೆ ಹಾಡು. ಹೆಸರು ಹಾಕಿ ಅಂತ ಒಮ್ಮೆ ನಮ್ಮ ಕಂಪನಿ ಮಾಲೀಕ ಮುರುಗೇಶಪ್ಪನವರನ್ನು ಕೇಳಿದ್ದೆ. "ಮಾಸ್ತರೆ, ಜನ ಪೇಟಿ ನೋಡಾಕ ಬರ್ತಾರೇನ್ರಿ" ಅಂದರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಅದೇ ರೂಢಿ.

ಆದರೆ ಒಂದು ಹೇಳುತ್ತೇನೆ. ಹೆಸರು ಯಾರದಾದರೂ ಇರಲಿ, ಆಟ ಪೇಟಿಯ ಕೈಯಲ್ಲಿತ್ತು. ಜನ ವನ್ಸ್ ಮೋರ್ ಅಂತ ಕೂಗಿದಾಗ ಹಾಡಿನ ಕೊನೆಯ ನುಡಿ ಮತ್ತೆ ಹಾಡಬೇಕೋ ಬೇಡವೋ ಅನ್ನುವುದನ್ನು ನಟ ತೀರ್ಮಾನ ಮಾಡುವುದಿಲ್ಲ. ಪೇಟಿ ಷಡ್ಜ ಹಿಡಿದುಕೊಂಡೇ ಇದ್ದರೆ ಹಾಡು ಬಾಕಿ ಇದೆ ಅಂತ ಅರ್ಥ. ನಟ ರಂಗ ಬಿಟ್ಟು ಹೋಗುವ ಹಾಗಿಲ್ಲ, ಪರದೆ ಎಳೆಯುವವನು ಹಗ್ಗ ಮುಟ್ಟುವ ಹಾಗಿಲ್ಲ. ನಾನು ಕೈ ತೆಗೆದರೆ ಮಾತ್ರ ಪರದೆ. ರಾಜಪಾರ್ಟು ಹಾಕಿದವನೂ ರಂಗದ ಮುಂದಿನ ಪಿಟ್ಟಿನಲ್ಲಿ ಕೂತ ನನ್ನ ಬೆರಳು ನೋಡುತ್ತಿದ್ದ.

ಕಿವಿ ಹೋಗಿದೆ, ಬೆರಳಿಗೆ ನೆನಪಿದೆ. ಪೇಟಿಯ ಮೇಲೆ ಕೈಯಾಡಿಸಿದರೆ ಸ್ವರ ಬರೆಯುವುದಕ್ಕೆ ಬರುತ್ತದೆ. ಕಳಿಸುತ್ತೇನೆ. ನೀನು ಬರುವುದು ಬೇಡ, ಮಗಳೆ. ಕೇಳಿಸದವನ ಎದುರು ಕೂತು ಕೂಗಿ ನಿನ್ನ ಗಂಟಲು ಯಾಕೆ ಹರಿದುಕೊಳ್ಳುತ್ತೀ. ನಿಮ್ಮಮ್ಮ ಬಸವಣ್ಣೆಮ್ಮ ಅಕ್ಕನಿಗೆ ಸಲಾಮು ಹೇಳು.

ಮಸ್ತಾನಸಾಬ್


ದಾವಣಗೆರೆ
೨೯ ಸೆಪ್ಟೆಂಬರ್ ೨೦೨೪

ಮಾಮನವರಿಗೆ ನಮಸ್ಕಾರ.

ಹನ್ನೊಂದು ಹಾಡು ಬಂದು ಮುಟ್ಟಿವೆ. ನಿಮ್ಮ ಅಕ್ಷರ ಮುತ್ತು. ಅಮ್ಮ ಒಂದೊಂದೇ ಹಾಡಿ ನೋಡಿ, ಮಧ್ಯೆ ನಿಲ್ಲಿಸಿ ಅಳುತ್ತಾಳೆ, ಮತ್ತೆ ಹಾಡುತ್ತಾಳೆ. ಐದು ವರ್ಷದಲ್ಲಿ ಅವಳು ಹಾಡಿದ್ದು ಇದೇ ಮೊದಲು.

ಆದರೆ ಮುಖ್ಯವಾದದ್ದೇ ಇಲ್ಲ. "ಹೊಳೆ ದಾಟಿ ಬಂದೆನವ್ವ, ಹೊಸಿಲು ದಾಟಲಾರೆ." ಅಪ್ಪನ ಕೊನೆಯ ಹಾಡು. ಅದಿಲ್ಲದೆ ಪುಸ್ತಕ ಹೇಗೆ ಮಾಡಲಿ? ಸದ್ಯಕ್ಕೆ ಅಮ್ಮ ನೆನಪಿನಿಂದ ವೀರೇಶ್ ಅವರಿಗೆ ಕಲಿಸುತ್ತಿದ್ದಾಳೆ. ಅವರು ಬ್ಯಾಂಕಿನಲ್ಲಿ ಗುಮಾಸ್ತರು, ಒಳ್ಳೆಯ ಕಂಠ. ಬಿಡುಗಡೆಯ ದಿನ ಅವರೇ ಹಾಡುತ್ತಾರೆ.

ಆವತ್ತು ಯಾರೋ ಪ್ರೇಕ್ಷಕರು ಮೊಬೈಲಿನಲ್ಲಿ ತೆಗೆದ ನಲವತ್ತು ಸೆಕೆಂಡಿನ ವಿಡಿಯೊ ಇದೆ, ನೀವು ನೋಡಿರಲಿಕ್ಕಿಲ್ಲ. ಊರೆಲ್ಲ ಹರಿದಾಡಿತ್ತು. ಎರಡನೇ ವನ್ಸ್ ಮೋರ್ ಬಂದಾಗ ಅಪ್ಪ ನಗುತ್ತಾ ಬಲ ಹೆಗಲ ಮೇಲಿನ ಟವೆಲನ್ನು ತೆಗೆದು ಎಡ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಏನು ಠೀವಿ. ಜನ ಸಿಳ್ಳೆ ಹೊಡೆಯುತ್ತಾರೆ. "ತೋಟಪ್ಪನ ಕೊನೇ ಸ್ಟೈಲು" ಅಂತಲೇ ಅದು ಹೆಸರಾಗಿದೆ. ವೀರೇಶ್ ಅದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಾರೆ.

ಅದೇ ವಿಡಿಯೊದಲ್ಲಿ ಮುರುಗೇಶಪ್ಪನೂ ಕಾಣುತ್ತಾನೆ. ಪಕ್ಕದ ಸೈಡ್‌ವಿಂಗಿನಲ್ಲಿ ನಿಂತು ಕೈ ಎತ್ತಿ, ಹಾಡು, ಇನ್ನೊಂದು ಸಲ ಹಾಡು ಅಂತ ಆಡಿಸುತ್ತಿದ್ದಾನೆ. ಮೂರನೇ ಸಲ ಹಾಡಿ ಒಳಗೆ ಬಂದ ಅಪ್ಪ ನೀರು ಕೇಳಿ, ವೇಷದ ಟ್ರಂಕಿನ ಮೇಲೆ ಕೂತರು, ಏಳಲಿಲ್ಲ. ಆ ಮನುಷ್ಯ ಮರುದಿನ ಹೂವಿನ ಹಾರ ಹಿಡಿದುಕೊಂಡು ಬಂದಾಗ ಅಮ್ಮ ಬಾಗಿಲು ಹಾಕಿಕೊಂಡಳು. ಕಂಪನಿಯೂ ಮುಚ್ಚಿತು. ನನಗೆ ಅಷ್ಟು ಸಾಲದು. ಅಪ್ಪನನ್ನು ಹಾಡಿಸಿ ಹಾಡಿಸಿ ಕೊಂದವನು ಅವನೇ ಅಂತ ಮುನ್ನುಡಿಯಲ್ಲಿ ಹೆಸರು ಹಿಡಿದೇ ಬರೆದಿದ್ದೇನೆ. ಪ್ರತಿ ಇಟ್ಟಿದ್ದೇನೆ. ಕಂಪನಿಯವರಲ್ಲಿ ರಂಗಕ್ಕೆ ಎದುರಾಗಿ ಕೂತಿದ್ದವರು ನೀವೊಬ್ಬರೇ. ತಪ್ಪಿದ್ದರೆ ತಿದ್ದಿ, ಸರಿಯಿದ್ದರೆ ಹೌದು ಅಂತ ಒಂದು ಮಾತು ಬರೆಯಿರಿ.

ಅಂಕಿತಾ


ಹರಿಹರ
೨೫ ಅಕ್ಟೋಬರ್ ೨೦೨೪

ಚಿ. ಅಂಕಿತಾಗೆ ಆಶೀರ್ವಾದ.

ತಡವಾಯಿತು, ಮೈ ಸರಿಯಿರಲಿಲ್ಲ. ಇದರೊಂದಿಗೆ ಆರು ಹಾಡು ಇದೆ. ಎರಡನೆಯದು ಭೀಮಪಲಾಸ ರಾಗ, ಅದಕ್ಕೆ ಅವಸರ ಮಾಡಬಾರದು. ನಾಲ್ಕನೆಯದನ್ನು ಒಂದು ಮುಂಜಾನೆ ಹೊಳೆಯ ಸೇತುವೆ ಮೇಲೆ ಬಸ್ಸು ಕೆಟ್ಟು ನಿಂತಾಗ ಕಟ್ಟಿದ್ದು. ನಿಮ್ಮಪ್ಪ ಅಲ್ಲಿಯೇ ಕಂಬಿಗೆ ಒರಗಿ ಹಾಡಿದ, ಡ್ರೈವರ್ ಸ್ಪ್ಯಾನರ್ ಕೆಳಗಿಟ್ಟು ಕೇಳಿದ. ಅಂಥ ಗಂಟಲು ಮತ್ತೆ ಹುಟ್ಟಲಿಲ್ಲ. ನನ್ನ ರಾಗ ಹತ್ತು ಜನರ ಬಾಯಲ್ಲಿ ಹೋಗಿದೆ, ತೋಟಪ್ಪನ ಬಾಯಲ್ಲಿ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು.

ನೀನು ಕೇಳಿದ ಹಾಡು ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಅಕ್ಕ ಕಲಿಸಿದ ಹಾಗೆಯೇ ಇರಲಿ. ವೀರೇಶಪ್ಪನವರಿಗೆ ಆ ಟವೆಲ್ಲಿನ ಆಟ ಬೇಡ ಅಂತ ಹೇಳು. ಹಾಡುವವನು ಹಾಡಿದರೆ ಸಾಕು.

ಮುಖಪುಟದಲ್ಲಿ ಹೆಸರು ಯಾವ ಕಡೆ ಬರುತ್ತದೆ? ಕೆಳಗಾದರೂ ಅಡ್ಡಿಯಿಲ್ಲ. ಅಕ್ಷರ ತುಂಬ ಸಣ್ಣದಿರುವುದು ಬೇಡ, ಅಂಜುಮಳ ಮಕ್ಕಳು ಓದಬೇಕು.

ಮಸ್ತಾನಸಾಬ್


ದಾವಣಗೆರೆ
೮ ಡಿಸೆಂಬರ್ ೨೦೨೪

ಮಾಮನವರಿಗೆ ನಮಸ್ಕಾರ.

ಮುಖಪುಟದ ಮಾದರಿ ಕಳಿಸಿದ್ದೇನೆ. ನಿಮ್ಮ ಹೆಸರು ಅಪ್ಪನ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಮಕ್ಕಳಿಗೆ ತೋರಿಸಿ.

ಟವೆಲ್ ಬೇಡ ಅಂದಿರಿ, ವೀರೇಶ್ ಒಪ್ಪುತ್ತಿಲ್ಲ. ಜನ ಕಾಯುವುದೇ ಅದಕ್ಕೆ ಅನ್ನುತ್ತಾರೆ. ನೀವು ಹಳೆಯ ಕಾಲದವರು, ನಿಮಗೆ ಅದು ಗಿಮಿಕ್ಕಾಗಿ ಕಂಡಿರಬೇಕು. ಇದೊಂದು ನಮಗೆ ಬಿಡಿ.

ಮುನ್ನುಡಿಯ ಬಗ್ಗೆ ನೀವು ಏನೂ ಬರೆಯಲಿಲ್ಲ. ಎರಡು ತಿಂಗಳು ಕಾದೆ. ಮೌನ ಸಮ್ಮತಿ ಲಕ್ಷಣ ಅಂತ ಅಚ್ಚಿಗೆ ಕೊಟ್ಟಿದ್ದೇನೆ. ಮಾಲೀಕನ ಅನ್ನ ತಿಂದವರು, ಬಾಯಿ ಬಿಟ್ಟು ಹೇಳಲು ನಿಮಗೆ ಸಂಕೋಚವಾಗಿರಬೇಕು. ನನಗೆ ಅರ್ಥವಾಗುತ್ತದೆ, ಅದಕ್ಕೆ ನಿಮ್ಮ ಮೇಲೆ ಇನ್ನೂ ಗೌರವ ಹೆಚ್ಚಾಯಿತು.

ಜನವರಿ ಹತ್ತೊಂಬತ್ತು, ಭಾನುವಾರ, ಸಂಜೆ ನಾಲ್ಕಕ್ಕೆ. ಕಾರು ಕಳಿಸುತ್ತೇನೆ. ಬರಲೇಬೇಕು.

ಅಂಕಿತಾ


ದಾವಣಗೆರೆ
೨೨ ಜನವರಿ ೨೦೨೫

ಮಾಮನವರಿಗೆ ನಮಸ್ಕಾರ.

ಕಾರು ಖಾಲಿ ವಾಪಸ್ ಬಂತು. ಅಮ್ಮನಿಗೆ ತುಂಬ ನೋವಾಯಿತು. ನಿಮಗಾಗಿ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟು ಅದರ ಮೇಲೆ ಶಾಲು ಇಟ್ಟಿದ್ದೆವು. ಪುಸ್ತಕ ಬಿಡುಗಡೆ ಮಾಡಿದವರು ನಿಮ್ಮ ಹೆಸರು ಓದಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇಡೀ ಸಭೆ ಎದ್ದು ನಿಂತಿತ್ತು ಮಾಮ, ಖಾಲಿ ಕುರ್ಚಿಗೆ.

ಮುರುಗೇಶಪ್ಪ ಕರೆಯದೆ ಬಂದಿದ್ದ. ಕೋಲೂರಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದ. ನನಗೆ ಗೊತ್ತಾಗಿದ್ದೇ ತಡ, ಮುನ್ನುಡಿಯನ್ನು ನಾನೇ ಓದಿದೆ. ಹೆಸರು ಬಂದ ಸಾಲನ್ನು ನಿಧಾನವಾಗಿ ಓದಿದೆ. ಜನ ತಿರುಗಿ ತಿರುಗಿ ನೋಡಿದರು, ಯಾರೋ ಥೂ ಅಂದರು. ಅವನು ಕೊನೆಯವರೆಗೂ ತಲೆ ಎತ್ತದೆ ಕೇಳಿ, ಎದ್ದು, ಅಪ್ಪನ ಫೋಟೋಕ್ಕೆ ದೂರದಿಂದಲೇ ಕೈ ಮುಗಿದು ಹೋದ. ಐದು ವರ್ಷದ ಭಾರ ಇಳಿದ ಹಾಗಾಯಿತು ನನಗೆ.

ವೀರೇಶ್ ಅದ್ಭುತವಾಗಿ ಹಾಡಿದರು. ಸರಿಯಾಗಿ ಎರಡನೇ ವನ್ಸ್ ಮೋರಿಗೆ ಟವೆಲ್ ಎಡ ಹೆಗಲಿಗೆ ಬಂತು. ಸಿಳ್ಳೆಯೋ ಸಿಳ್ಳೆ. ಮತ್ತೆರಡು ಸಲ ಹಾಡಿಸಿದರು. ನೀವು ಇರಬೇಕಿತ್ತು.

ಅಂಕಿತಾ


ಹರಿಹರ
೩೦ ಜನವರಿ ೨೦೨೫

ಅಂಕಿತಾ,

ಆಶೀರ್ವಾದ ಅಂತ ಬರೆಯುವುದಕ್ಕೆ ಕೈ ಬರುತ್ತಿಲ್ಲ. ನೇರ ಹೇಳುತ್ತೇನೆ.

ಅದು ಠೀವಿಯಲ್ಲ. ಟವೆಲ್ ಎಡ ಹೆಗಲಿಗೆ ಬಂದರೆ ಸಾಕು ಅಂತ ಅರ್ಥ. ನಾವಿಬ್ಬರೇ ಮಾಡಿಕೊಂಡ ಗುರುತು. ಅದಕ್ಕೆ ಒಂದು ವಾರ ಮೊದಲು ನಿಮ್ಮಪ್ಪ ನನಗೆ ಹೇಳಿದ್ದ: "ಮಾಸ್ತರೆ, ಮೇಲಿನ ಸ್ವರ ಹಿಡಿದ್ರೆ ಎದೆ ಹಿಂಡ್ತೈತೆ. ಮನ್ಯಾಗ ಹೇಳಬ್ಯಾಡ್ರಿ, ಹೆದರ್ತಾರೆ. ತಡಿಯಾಕ ಆಗ್ದಿದ್ರೆ ಟವೆಲ್ ಎಡಕ್ಕೆ ಹಾಕ್ಕೊಂತೀನಿ, ನೀವು ಕೈ ತೆಗೀರಿ." ಆಸ್ಪತ್ರೆಗೆ ಹೋಗು ಅಂದೆ. ಈ ಊರಿನ ಕ್ಯಾಂಪು ಮುಗಿಯಲಿ ಅಂದ.

ಆವತ್ತು ಟವೆಲ್ ಎಡಕ್ಕೆ ಬಂದದ್ದನ್ನು ನಾನು ನೋಡಿದೆ. ಹತ್ತು ಅಡಿ ದೂರ. ಅವನು ನಗುತ್ತಿದ್ದ, ಕಣ್ಣು ಮಾತ್ರ ನನ್ನ ಬೆರಳಿನ ಮೇಲಿತ್ತು.

ಮುರುಗೇಶಪ್ಪನವರು ಕೈ ಎತ್ತಿದ್ದು ಹಾಡಿಸುವುದಕ್ಕಲ್ಲ. ಪರದೆ ಬಿಡು ಅಂತ. ತೋಟಪ್ಪನ ಮುಖದ ಬಣ್ಣ ಇಳಿದದ್ದನ್ನು ಅವರು ಪಕ್ಕದಿಂದ ಕಂಡಿದ್ದರು. ಪರದೆಗೆ ಅಂತ ಎರಡು ಸಲ ಸೀಟಿ ಹೊಡೆದರು. ಪರದೆಯ ದುರುಗಣ್ಣ ಹಗ್ಗ ಹಿಡಿದು ನನ್ನ ಕಡೆ ನೋಡಿದ. ನಾನು ಷಡ್ಜ ಬಿಡಲಿಲ್ಲ. ರೂಢಿ ಮುರಿಯುವ ಧೈರ್ಯ ಅವನಿಗೆ ಬರಲಿಲ್ಲ. ಆ ಬಡಪಾಯಿ ಕೊರೊನಾ ವರ್ಷ ತೀರಿಕೊಂಡ, ಕೊನೆಗೂ ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅಂತ ಕೇಳುತ್ತೀ. ನನ್ನ ರಾಗಕ್ಕೆ ವನ್ಸ್ ಮೋರ್ ಬಂದು ಏಳು ವರ್ಷ ಆಗಿತ್ತು. ಅಷ್ಟೂ ವರ್ಷ ಜನ ಸಿಳ್ಳೆ ಹೊಡೆದದ್ದು ಸಿನಿಮಾ ಧಾಟಿಯ ಹಾಸ್ಯದ ಹಾಡಿಗೆ. ಆವತ್ತು ಬೆಳಿಗ್ಗೆ ಮುರುಗೇಶಪ್ಪನವರು ನನ್ನನ್ನು ಕರೆದು, ಮುಂದಿನ ಕ್ಯಾಂಪಿನಿಂದ ರೆಕಾರ್ಡ್ ಮಾಡಿದ ಮ್ಯೂಸಿಕ್ ಹಾಕುತ್ತೇವೆ, ಪೇಟಿ ಬೇಕಾಗುವುದಿಲ್ಲ ಅಂದಿದ್ದರು. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಸಂಜೆ ಅದೇ ಜನ ನನ್ನ ಜೋಗಿಯಾ ರಾಗಕ್ಕೆ ಎದ್ದು ನಿಂತು ಕೂಗಿದರು. ನಾನು ಹಸಿದಿದ್ದೆ ಅಂಕಿತಾ. ಇನ್ನೊಂದು ಸಲ ಕೇಳಬೇಕು ಅನ್ನಿಸಿತು. ಒಂದೇ ಒಂದು ಸಲ, ಆಮೇಲೆ ಕೈ ತೆಗೆಯುತ್ತೇನೆ ಅಂದುಕೊಂಡೆ. ಷಡ್ಜ ನಿಂತಿರುವಾಗ ಹಾಡದೆ ಹೋಗುವುದು ಮಾಸ್ತರಿಗೆ ಅವಮಾನ ಅಂತ ನಿಮ್ಮಪ್ಪ ತಿಳಿದಿದ್ದ. ನನಗೆ ಅವಮಾನ ಮಾಡಲಿಲ್ಲ, ಹಾಡಿದ. ಒಂದು ಸ್ವರವೂ ಜಾರಲಿಲ್ಲ.

ಕಿವಿ ಹೋದದ್ದು ಎರಡು ವರ್ಷ ಬಿಟ್ಟು. ಆವತ್ತು ಎರಡೂ ಸೀಟಿ ಚೆನ್ನಾಗಿ ಕೇಳಿಸಿದ್ದವು.

ನಿನ್ನ ಮುನ್ನುಡಿ ಓದಿದ ದಿನವೇ ಇದನ್ನೆಲ್ಲ ಬರೆದಿದ್ದೆ. ಅಂಚೆ ಕಚೇರಿಯವರೆಗೆ ಹೋಗಿ ವಾಪಸ್ ಬಂದೆ. ಇದು ಗೊತ್ತಾದರೆ ನೀನು ಮುಖಪುಟದಿಂದ ನನ್ನ ಹೆಸರು ತೆಗೆಯುತ್ತೀಯ ಅಂತ ಹೆದರಿದೆ. ಅರವತ್ತು ವರ್ಷ ಕಾದ ಹೆಸರು. ಅದಕ್ಕೆ ಮುರುಗೇಶಪ್ಪನವರನ್ನು ಮಾರಿದೆ. ಮೊದಲ ಸಲ ಗೆಳೆಯನ ಜೀವ ಕೊಟ್ಟು ಸಿಳ್ಳೆ ತೆಗೆದುಕೊಂಡೆ, ಎರಡನೇ ಸಲ ಇನ್ನೊಬ್ಬರ ಮಾನ ಕೊಟ್ಟು ಚಪ್ಪಾಳೆ ತೆಗೆದುಕೊಂಡೆ. ಮುದುಕನಾದರೂ ಬುದ್ಧಿ ಬರಲಿಲ್ಲ.

ಶಾಮನೂರಿನ ಮನೆಗೆ ಹೋಗಿ ಮುರುಗೇಶಪ್ಪನವರಿಗೆ ಈ ಕಾಗದ ಓದಿ ಹೇಳು. ನಾನೇ ಹೋಗಬೇಕು. ಕಾಲು ಏಳುತ್ತಿಲ್ಲ.

ಮಸ್ತಾನಸಾಬ್


ದಾವಣಗೆರೆ
೧೬ ಫೆಬ್ರವರಿ ೨೦೨೫

ಮಾಸ್ತರರಿಗೆ,

ನಿಮ್ಮ ಪತ್ರ ಫೆಬ್ರವರಿ ಐದಕ್ಕೆ ಬಂತು. ಎರಡು ದಿನ ಅಮ್ಮನಿಂದ ಬಚ್ಚಿಟ್ಟುಕೊಂಡೆ. ಮೂರನೇ ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಶಾಮನೂರಿಗೆ ಹೋದೆ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮುರುಗೇಶಪ್ಪನವರು ತೀರಿಕೊಂಡದ್ದಕ್ಕೆ ಶಿವಗಣಾರಾಧನೆ. ಜನ ಊಟಕ್ಕೆ ಕೂತಿದ್ದರು. ಸಭೆಯಿಂದ ಹೋದ ಮೇಲೆ ಅವರು ಮನೆ ಬಿಟ್ಟು ಹೊರಗೆ ಬರಲಿಲ್ಲವಂತೆ, ಊಟ ಬಿಟ್ಟರಂತೆ. ಅಂಗಡಿ ಬೀದಿಯಲ್ಲಿ ಅವರ ಮಗನನ್ನು ಜನ ನಿಲ್ಲಿಸಿ ಕೇಳಿದ್ದರು. ಜನವರಿ ಇಪ್ಪತ್ತೊಂಬತ್ತರ ಬೆಳಿಗ್ಗೆ ಪೂಜೆಗೆ ಕೂತವರು ಹಾಗೇ ವಾಲಿಕೊಂಡರು. ನೀವು ಬರೆಯುವುದಕ್ಕೆ ಒಂದು ದಿನ ಮೊದಲು.

ಹಿಂತಿರುಗಿ ಓಡಿಬಿಡೋಣ ಅನ್ನಿಸಿತು. ಅವರ ಹೆಂಡತಿ ನನ್ನ ಗುರುತು ಹಿಡಿದು ಒಳಗೆ ಕರೆದು ಕೂರಿಸಿದರು. ನಾನು ಕಾಲು ಹಿಡಿದು ಪತ್ರ ಓದಿದೆ. ಅವರು ಅಳಲಿಲ್ಲ. ನಮಗೆ ಗೊತ್ತಿತ್ತು ಅಂದರು. ಹಾಗಾದರೆ ಐದು ವರ್ಷ ಯಾಕೆ ಸುಮ್ಮನಿದ್ದರು ಅಂತ ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ನಾನೂ ಅವ್ರನ್ನ ಕೇಳಿದ್ದೆ ಕಣವ್ವ. ಅದಕ್ಕೆ ಅವ್ರು, 'ಮಾಸ್ತರಿಗೆ ಇರೋದು ಆ ಪೇಟಿ ಒಂದೇ, ಅದನ್ನ ನಾನೇ ಬ್ಯಾಡ ಅಂದೆ, ಅದ್ಕೆ ಅವ್ರು ಹಂಗೆ ಮಾಡಿದ್ರು. ಕಂಪನಿಗೆ ಹೆಸ್ರು ಬಂದಾಗ ನಾನು ತಗೊಂಡಿದೀನಿ, ಬೈಗುಳನೂ ನಾನೇ ತಗೊಂತೀನಿ' ಅಂದ್ರು."

ಊಟ ಮಾಡಿಸಿಯೇ ಕಳಿಸಿದರು.

ಅಮ್ಮನಿಗೆ ಆವತ್ತು ಸಂಜೆ ಓದಿ ಹೇಳಿದೆ. ಅಪ್ಪನಿಗೆ ಎದೆನೋವಿದ್ದದ್ದು ಅವಳಿಗೆ ಗೊತ್ತಾದದ್ದು ನಿಮ್ಮ ಪತ್ರದಿಂದ. ಟ್ರಂಕಿನಿಂದ ಆ ಟವೆಲ್ ತೆಗೆದಳು, ಮಡಿಲಲ್ಲಿ ಇಟ್ಟುಕೊಂಡು ಕೂತಳು. ಹಾಡುವುದನ್ನು ಮತ್ತೆ ನಿಲ್ಲಿಸಿದ್ದಾಳೆ.

ನಾನು ನಿಮ್ಮನ್ನು ಕ್ಷಮಿಸುವುದಿಲ್ಲ. ಆ ಸಾಲನ್ನು ನಿಧಾನವಾಗಿ ಓದಿದ ನನ್ನನ್ನೂ ಕ್ಷಮಿಸಿಕೊಳ್ಳುವುದಿಲ್ಲ. ನಿಮ್ಮ ಮೌನವನ್ನು ದೊಡ್ಡಗುಣ ಅಂತ ಓದಿಕೊಂಡವಳು ನಾನೇ.

ಮಾರಾಟಕ್ಕೆ ಹೋದ ಪ್ರತಿಗಳನ್ನು ವಾಪಸ್ ತರಿಸುತ್ತಿದ್ದೇನೆ. ಮತ್ತೆ ಅಚ್ಚು ಹಾಕಿಸುತ್ತೇನೆ. ಮುಖಪುಟದಿಂದ ನಿಮ್ಮ ಹೆಸರು ತೆಗೆಯುತ್ತೇನೆ ಅಂತ ಹೆದರಿದಿರಲ್ಲ, ತೆಗೆಯುವುದಿಲ್ಲ. ಅದು ಅಷ್ಟೇ ದೊಡ್ಡ ಅಕ್ಷರದಲ್ಲಿ ಅಲ್ಲಿಯೇ ಇರುತ್ತದೆ. ನನ್ನ ಮುನ್ನುಡಿ ಹೋಗುತ್ತದೆ. ಅದರ ಜಾಗದಲ್ಲಿ ಜನವರಿ ಮೂವತ್ತರ ನಿಮ್ಮ ಪತ್ರ ಬರುತ್ತದೆ, ಒಂದು ಅಕ್ಷರ ತಿದ್ದದೆ. ಬೇಡ ಅನ್ನುವುದಾದರೆ ಬರೆದು ತಿಳಿಸಿ. ಈ ಸಲ ಮೌನವನ್ನು ಒಪ್ಪಿಗೆ ಅಂತ ತಿಳಿದುಕೊಳ್ಳುವುದಿಲ್ಲ.

ಅಂಕಿತಾ ತೋಟಪ್ಪ


ಹರಿಹರ
೩ ಮಾರ್ಚ್ ೨೦೨೫

ಅಂಕಿತಾ,

ಹಾಕು. ಇದು ಒಪ್ಪಿಗೆ, ನನ್ನ ಕೈಯಾರೆ ಬರೆದಿದ್ದೇನೆ. ಅಂಜುಮಳಿಗೂ ಓದಿ ಹೇಳಿದೆ. ಅವಳ ಮಕ್ಕಳು ಮುಖಪುಟ ಓದಿದ ಮೇಲೆ ಒಳಗಿನದನ್ನೂ ಓದಲಿ.

ಮೊನ್ನೆ ಅಂಜುಮ್ ಆಟೋದಲ್ಲಿ ಶಾಮನೂರಿಗೆ ಕರೆದುಕೊಂಡು ಹೋಗಿದ್ದಳು. ಮುರುಗೇಶಪ್ಪನವರ ಹೆಂಡತಿ ನನ್ನ ಮುಂದೆ ನೀರಿಟ್ಟು ಏನೋ ಹೇಳಿದರು. ಕೇಳಿಸಲಿಲ್ಲ. ಬರೆದು ತೋರಿಸಿ ಅಂತ ಕಾಗದ ಕೊಟ್ಟೆ. ತಲೆ ಅಲ್ಲಾಡಿಸಿ ಕಾಗದ ವಾಪಸ್ ಕೊಟ್ಟರು. ಅವರು ಏನಂದರು ಅಂತ ಅಂಜುಮಳನ್ನು ಕೇಳಿದೆ, ಅವಳೂ ಹೇಳಲಿಲ್ಲ.

"ಹೊಳೆ ದಾಟಿ ಬಂದೆನವ್ವ" ಮರೆತಿದೆ ಅಂದದ್ದು ಸುಳ್ಳು. ಅದೊಂದೇ ಈಗ ತಲೆಯಲ್ಲಿ ಕೇಳುವುದು, ಬೇರೆ ಏನೂ ಕೇಳುವುದಿಲ್ಲ. ಸ್ವರ ಬರೆದು ಇದರ ಜೊತೆ ಇಟ್ಟಿದ್ದೇನೆ. ಎರಡು ನುಡಿ ಇದೆ. ಜನ ವನ್ಸ್ ಮೋರ್ ಕೂಗಿದ ಮೂರನೆಯ, ಕೊನೆಯ ನುಡಿ ಬರೆದಿಲ್ಲ, ಬರೆಯುವುದಿಲ್ಲ. ಆ ಪುಟ ಖಾಲಿ ಬಿಡು. ಮುಂದೆ ಯಾರಾದರೂ ಈ ಹಾಡು ಹಾಡಿದರೆ ಪೇಟಿ ನುಡಿಸುವವರಿಗೆ ಒಂದು ಮಾತು ಹೇಳು. ಎರಡನೆಯ ನುಡಿ ಮುಗಿದ ಮೇಲೆ ಜನ ಎಷ್ಟೇ ಕೂಗಲಿ, ಷಡ್ಜ ಹಿಡಿಯುವುದು ಬೇಡ. ಅಲ್ಲಿಗೆ ಕೈ ತೆಗೆಯಲಿ.

ಮಸ್ತಾನಸಾಬ್